ಸೋರುವ ಹೌಸಿಂಗು

ಆಯುಧಪೂಜೆಯ ದಿವಸ ನಮ್ಮ ತೀರ್ಥಹಳ್ಳಿಯ ಸೀಮೆಯಲ್ಲಿ ವಾಹನಗಳಿಗೆ ಸಲ್ಲುವ ಸತ್ಕಾರವನ್ನು ಸಾವಧಾನವಾಗಿ ಅವಲೋಕಿಸಿದವರಿಗೆ ಅದರಲ್ಲಿ ಹುದುಗಿರುವ ಪಕ್ಷಪಾತವು ಗೋಚರವಾಗದೆ ಇರಲಾರದು. ಚೆಂಡುಹೂವಿನ ಮಾಲೆ ಬಾನೆಟ್ಟಿಗೆ, ಕುಂಕುಮ ಗಾಜಿಗೆ, ನಿಂಬೆಹಣ್ಣು ಚಕ್ರಗಳಿಗೆ, ಬೂದುಗುಂಬಳ ಎದುರಿನ ರಸ್ತೆಗೆ. ಆದರೆ ಹಿಂದಿನ ಎರಡು ಚಕ್ರಗಳ ನಡುವೆ ಕೆಸರು ಮೆತ್ತಿಕೊಂಡು ನೇತಾಡುತ್ತ, ಹೊರೆಯನ್ನೆಲ್ಲ ವಾಸ್ತವವಾಗಿ ಮುಂದಕ್ಕೆ ನೂಕತಕ್ಕ ಆ ಕಬ್ಬಿಣದ ಗೋಳಕ್ಕೆ ಒಂದು ಎಸಳು ಹೂವೂ ಇಲ್ಲ. ಶಾಸ್ತ್ರಜ್ಞರು ಡಿಫರೆನ್ಷಿಯಲ್ ಎಂದೂ ಚಾಲಕರು ಕ್ರೌನು, ಹೌಸಿಂಗು ಎಂದೂ ಕರೆಯುವ ಈ ಅವಯವಕ್ಕೆ ತನ್ನ ಅಸ್ತಿತ್ವವನ್ನು ಯಜಮಾನನಿಗೆ ನಿವೇದಿಸಿಕೊಳ್ಳಲು ಇರುವ ಮಾರ್ಗಗಳು ಎರಡೇ: ಒಂದು, ಗೊಂಯ್ಗುಟ್ಟುವುದು, ಇನ್ನೊಂದು, ಸೋರುವುದು. ನಮ್ಮ ಮನೆಯ ಪಿಕಪ್ಪು, ಸ್ವಭಾವತಃ ಮಿತಭಾಷಿಯಾದ್ದರಿಂದ, ಎರಡನೆಯದನ್ನು ಆರಿಸಿಕೊಂಡಿತು.

ಅಡಿಕೆಯನ್ನು ಹರಡಲೆಂದು ಸಗಣಿ ಸಾರಿಸಿದ್ದ ಅಂಗಳದಲ್ಲಿ ರೂಪಾಯಿಯಗಲದ ಕರಿಯ ಬೊಟ್ಟುಗಳನ್ನು ಮೊಟ್ಟಮೊದಲು ಕಂಡವಳು ನನ್ನ ಮನೆಯಾಕೆ. ಕಾಣುವುದಕ್ಕೂ ಮುನ್ನ ಅದರ ವಾಸನೆಯೇ ಆಕೆಯನ್ನು ಕರೆದಿತ್ತು. ಕ್ರೌನು-ಪಿನಿಯನ್ನುಗಳ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲದೆ ಭಾರೀ ಒತ್ತಡದಲ್ಲಿ ಜಾರುತ್ತಲೂ ಇರುವುದರಿಂದ, ಲೋಹವು ಲೋಹವನ್ನು ಕಚ್ಚದಿರಲೆಂದು ಆ ಎಣ್ಣೆಯಲ್ಲಿ ಗಂಧಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಅದರ ಪರಿಮಳವನ್ನು ಒಮ್ಮೆ ಆಘ್ರಾಣಿಸಿದವನು ಆಜೀವಪರ್ಯಂತ ಮರೆಯಲಾರನು. ಸುದ್ದಿ ಹರಡಿದ ಕೂಡಲೆ ಕೇರಿಯ ವಿದ್ವಜ್ಜನರು ಅಂಗಳದಲ್ಲಿ ನೆರೆದರು. ಒಬ್ಬರು ಬ್ರೇಕಿನ ಎಣ್ಣೆಯೆಂದರು. ಮತ್ತೊಬ್ಬರು ಹಬ್ಬಿನ ಗ್ರೀಸು ಕರಗಿತೆಂದರು. ಪಕ್ಕದ ಮನೆಯ ಹಿರಿಯರು, ಎತ್ತಿನ ಗಾಡಿಯ ಹೊರತು ಬೇರಾವ ವಾಹನವನ್ನೂ ಸ್ವಹಸ್ತದಿಂದ ನಡೆಸದಿದ್ದ ಕಾರಣದಿಂದಲೇ ಸಕಲ ಯಂತ್ರಗಳ ವಿಷಯದಲ್ಲಿಯೂ ನಿಷ್ಪಕ್ಷಪಾತರಾಗಿದ್ದವರು, ವಾಹನದಲ್ಲಿ ಎಣ್ಣೆಯಿರತಕ್ಕ ಸ್ಥಳ ಎಂಜಿನ್ನೊಂದೇ ಆದುದರಿಂದ ಇದು ಎಂಜಿನ್ನಿನದೇ, ಹಿಂದಕ್ಕೆ ಹರಿದುಬಂದಿದೆ, ಎಂದು ತೀರ್ಪಿತ್ತರು.

ಈ ಗೋಳದೊಳಗೆ ನಡೆಯುವ ವ್ಯವಹಾರ ಮಾತ್ರ ಗೌರವಕ್ಕೆ ಪಾತ್ರವಾದದ್ದು. ಆಗುಂಬೆಯ ಘಾಟಿಯ 14 ತಿರುವುಗಳನ್ನು ಇಳಿಯುವಾಗ ಹೊರಬದಿಯ ಚಕ್ರಕ್ಕೆ ಒಳಬದಿಯದಕ್ಕಿಂತ ದೂರ ಹೆಚ್ಚು. ಚಕ್ರಗಳ ನಡುವಣ ಅಂತರ 1.4 ಮೀಟರ್ ಎಂದಿಟ್ಟುಕೊಂಡರೆ, ಅರ್ಧವೃತ್ತದಷ್ಟು ತಿರುಗುವ ಒಂದೊಂದು ತಿರುವಿನಲ್ಲಿಯೂ ಹೊರಗಿನ ಚಕ್ರ ಸುಮಾರು 4.4 ಮೀಟರ್ ಅಧಿಕವಾಗಿ ಓಡಬೇಕು. ತಿರುವು ವಿಶಾಲವೋ ಇಕ್ಕಟ್ಟೋ ಎಂಬುದರಿಂದ ಈ ಲೆಕ್ಕ ಕಿಂಚಿತ್ತೂ ಬದಲಾಗದೆಂಬುದು ಗಣಿತದ ಕೌತುಕಗಳಲ್ಲೊಂದು. ಎರಡು ಚಕ್ರಗಳನ್ನೂ ಒಂದೇ ಸರಳಿಗೆ ಬಿಗಿದಿದ್ದರೆ ಪ್ರತಿ ತಿರುವಿನಲ್ಲಿಯೂ ಒಂದು ಟೈರು ರಸ್ತೆಯನ್ನು ಉಜ್ಜುತ್ತಲೇ ಸಾಗಬೇಕಾಗುತ್ತಿತ್ತು. ಒನೆಸಿಫೋರ್ ಪೆಕ್ಕೂರ್ ಎಂಬ ಫ್ರೆಂಚ್ ಯಂತ್ರಜ್ಞನು, 1820ರ ದಶಕದ ಕೊನೆಯಲ್ಲಿ, ಉಗಿಯಿಂದ ನಡೆಯುವ ಗಾಡಿಗೆಂದು ಈ ಹಲ್ಲುಚಕ್ರಗಳ ಸಂಧಾನವನ್ನು ಏರ್ಪಡಿಸಿದನು: ಒಂದು ಚಕ್ರ ಎಷ್ಟು ನಿಧಾನಿಸುವುದೋ ಇನ್ನೊಂದು ಅಷ್ಟೇ ತ್ವರೆಗೊಳ್ಳುವುದು, ಎರಡರ ಸರಾಸರಿ ಮಾತ್ರ ಎಂದಿಗೂ ತಪ್ಪದು. ಅವಿಭಕ್ತ ಕುಟುಂಬದಲ್ಲಿ ಹುಟ್ಟಿ ಬೆಳೆದ ನನಗೆ, ಇಂಥ ನ್ಯಾಯವು ಕಬ್ಬಿಣದಲ್ಲಾದರೂ ಸಾಧ್ಯವಾಯಿತಲ್ಲ ಎಂದು ಆ ಮಹಾನುಭಾವನ ಮೇಲೆ ವಿಶೇಷ ಆದರವಿದೆ.

ಹೌಸಿಂಗಿನ ಹಿಂದಿನ ಮುಚ್ಚಳವೆಲ್ಲ ತೊಯ್ದಿದ್ದುದನ್ನು ಕಂಡು, ಮೊದಲು ಹೋದ ಗ್ಯಾರೇಜಿನವರು ಅಲ್ಲಿನ ಪ್ಯಾಕಿಂಗನ್ನು ಬದಲಿಸಿ ಹಣ ಪಡೆದರು. ಸೋರಿಕೆಯು ತನ್ನ ದಿನಚರಿಯನ್ನು ಭಂಗವಿಲ್ಲದೆ ಮುಂದುವರಿಸಿತು. ಅನಂತರ ದೊರೆತವರು ಪೇಟೆಯ ಅಂಚಿನಲ್ಲಿ ಹಲಸಿನ ಮರದಡಿ ಕೆಲಸ ಮಾಡುವ ಮೇಸ್ತ್ರಿಗಳು. ಅವರು ಗಾಡಿಯಡಿ ನುಗ್ಗಿ, ಬಹಳ ಹೊತ್ತು ಅಂಗಾತ ಮಲಗಿದ್ದು, ನಿದ್ರೆ ಹೋದರೇನೋ ಎಂದು ನಾನು ಶಂಕಿಸುವ ವೇಳೆಗೆ, ಅಲ್ಲಿಂದಲೇ ಕೇಳಿದರು: “ಒದ್ದೆ ಆಗಿದ್ದು ಹಿಂದೆ, ಸರಿ. ಸೋರೋದೂ ಹಿಂದೇನೇ ಅಂತ ಯಾರು ಹೇಳಿದ್ರು ಅಯ್ಯಾ? ಗಾಡಿ ಓಡುವಾಗ ಗಾಳಿ ಎಣ್ಣೇನ ಹಿಂದಕ್ಕೆ ತಳ್ಳತ್ತೆ.”

ಸೀಮೆಎಣ್ಣೆಯಿಂದ ಹೌಸಿಂಗನ್ನು ತೊಳೆದು ಒರೆಸಿ ಒಣಗಿಸಿದ ಮೇಲೆ ಅವರು ಬೇಡಿದ ವಸ್ತು, ಮುಖಕ್ಕೆ ಹಚ್ಚುವ ಪೌಡರು. ಮನೆಯಾಕೆಯ ಡಬ್ಬಿಯನ್ನು, ಆಕೆಯ ಅನುಮತಿಯ ಪ್ರಶ್ನೆಯೇ ಉದ್ಭವಿಸದ ರೀತಿಯಲ್ಲಿ, ನಾನು ತಂದೊಪ್ಪಿಸಿದೆನು. ಮೇಸ್ತ್ರಿಗಳು ಉದಾರಹಸ್ತದಿಂದ ಬಳಿದ ತರುವಾಯ ಆ ಕಬ್ಬಿಣದ ಗೋಳವು, ಚೌಕಿಯಲ್ಲಿ ಕುಳಿತು ಬಣ್ಣದ ಮೊದಲ ಲೇಪವನ್ನಷ್ಟೇ ಹಚ್ಚಿಕೊಂಡ ಯಕ್ಷಗಾನದ ವೇಷಧಾರಿಯಂತೆ, ಇನ್ನೂ ರಾಕ್ಷಸನೋ ಸ್ತ್ರೀಪಾತ್ರವೋ ನಿಶ್ಚಯವಾಗದ ಸ್ಥಿತಿಯಲ್ಲಿ ಶೋಭಿಸಿತು. ಒಂದು ಸುತ್ತು ಓಡಿಸಿ ತಂದಾಗ, ಮುಂಭಾಗದಲ್ಲಿ, ಜಾಯಿಂಟ್ ಶಾಫ್ಟು ಬಂದು ಕೂಡುವ ಪಿನಿಯನ್ನಿನ ಕಂಠದಲ್ಲಿ, ಬಿಳುಪಿನ ನಡುವೆ ಒಂದು ಕರಿಗೆರೆ ಮೂಡಿ, ಅಲ್ಲಿಂದ ಹಿಂದಕ್ಕೆ ಹರಿದಿತ್ತು. ಮುಚ್ಚಳವು ನಿರಪರಾಧಿ. ಅದರ ಪ್ಯಾಕಿಂಗಿಗೆ ತೆತ್ತ ಹಣವನ್ನು ನಾನು ಮನಸ್ಸಿನಲ್ಲಿಯೇ ಧರ್ಮಾದಾಯಕ್ಕೆ ಜಮೆ ಮಾಡಿದೆನು.

ದುರಸ್ತಿಯಲ್ಲಿ ಮೇಸ್ತ್ರಿಗಳ ಕ್ರಮವು ಶ್ರೌತಕರ್ಮದಷ್ಟು ನಿಷ್ಠುರವಾಗಿತ್ತು. ಎಣ್ಣೆಯಿಳಿಸುವ ಕೆಳಗಿನ ಪ್ಲಗ್ಗನ್ನು ಮುಟ್ಟುವ ಮುನ್ನ ಎಣ್ಣೆ ಹಾಕುವ ಮೇಲಿನ ಪ್ಲಗ್ಗನ್ನು ಬಿಚ್ಚಿ ನೋಡಿದರು. ಅದು ತುಕ್ಕು ಹಿಡಿದು ಬಾರದೆ ಹೋದರೆ, ಎಣ್ಣೆಯನ್ನೆಲ್ಲ ಚೆಲ್ಲಿಕೊಂಡ ಗಾಡಿಯು ಅಲ್ಲಿಯೇ ತಪಸ್ಸಿಗೆ ಕೂರಬೇಕಾದೀತಷ್ಟೆ. ಇಳಿದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿಲ್ಲವೆಂಬುದನ್ನೂ, ಅಂದರೆ ಹಳ್ಳದ ನೀರು ಒಳಹೊಕ್ಕಿಲ್ಲವೆಂಬುದನ್ನೂ, ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆಯ ಲೋಹದ ಕೆಸರಲ್ಲದೆ ಚೂರುಗಳಾವುವೂ ಅಂಟಿಲ್ಲವೆಂಬುದನ್ನೂ ಬೆರಳಿನಿಂದ ಪರೀಕ್ಷಿಸಿದರು. ಶಾಫ್ಟನ್ನು ಕಳಚಿ ಪಿನಿಯನ್ನನ್ನು ಅಲುಗಾಡಿಸಿ, ಬೇರಿಂಗು ಸವೆದಿಲ್ಲವೆಂದು ಖಚಿತಪಡಿಸಿಕೊಂಡರು. ಪಿನಿಯನ್ನಿನ ನಟ್ಟಿಗೂ ಅದರ ತುದಿಗೂ ಪಂಚಿನಿಂದ ಗುರುತು ಹೊಡೆದರು. ಒಳಗಿನ ಬೇರಿಂಗುಗಳ ಬಿಗಿಯೆಲ್ಲ ಆ ನಟ್ಟನ್ನೇ ಅವಲಂಬಿಸಿರುವುದರಿಂದ ಅದು ಹೊರಟಲ್ಲಿಗೇ ಹಿಂತಿರುಗಬೇಕು, ಹೆಚ್ಚು ಬಿಗಿದರೆ ಬೇರಿಂಗು ಬೆಂದೀತು, ಸಡಿಲಿಸಿದರೆ ಕ್ರೌನು ಹಾಡೀತು. ಹಳೆಯ ಆಯಿಲ್ ಸೀಲಿನ ತುಟಿ ಗಟ್ಟಿಯಾಗಿ ಬಿರಿದಿತ್ತು. ಹೊಸ ಸೀಲಿಗೆ ಎಣ್ಣೆ ಸವರಿ, ತುಟಿಯನ್ನು ಒಳಮುಖವಾಗಿಸಿ ಕೂರಿಸಿ, ನೈಂಟಿ ಆಯಿಲನ್ನು ಮೇಲಿನ ರಂಧ್ರದ ಅಂಚಿನವರೆಗೆ ತುಂಬಿದ್ದಾಯಿತು.

ಘಾಟಿಯಿಳಿದು ಉಡುಪಿಗೆ ಹೋದ ಗಾಡಿ ಘಾಟಿ ಹತ್ತಿ ಮರಳಿದಾಗ ಪಿನಿಯನ್ನಿನ ಕಂಠ ಮತ್ತೆ ಒದ್ದೆಯಾಗಿತ್ತು.

ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಅನವಶ್ಯಕ. ಮೇಸ್ತ್ರಿಗಳು ಅವನ್ನು ಸಾಂಗವಾಗಿ ಆಲಿಸಿ, ಸೀಲಿನ ಕಡೆ ಕಣ್ಣೆತ್ತಿಯೂ ನೋಡದೆ, ಆಕ್ಸಲ್ಲಿನ ಮೇಲ್ಭಾಗಕ್ಕೂ ಗಾಡಿಯ ತಳಕ್ಕೂ ನಡುವಣ ಸಂದಿಯಲ್ಲಿ ಕೈತೂರಿ ತಡವರಿಸಿದರು. ಅಲ್ಲೊಂದು ಪುಟ್ಟ ಬ್ರೀದರ್ ಇದೆ. ಹೌಸಿಂಗಿನ ಉಸಿರೆಲ್ಲ ಅದರ ಮೂಲಕ. ಹತ್ತುದಾರಿಯಲ್ಲಿ ದುಡಿದ ಹೌಸಿಂಗಿನ ಶಾಖವು 25 ಡಿಗ್ರಿಯಿಂದ 85 ಡಿಗ್ರಿಗೆ ಏರಿತೆಂದರೆ, ಒಳಗಿನ ಗಾಳಿ ತನ್ನ ಗಾತ್ರದ ಐದನೆಯ ಒಂದು ಪಾಲಿನಷ್ಟು ಹಿಗ್ಗಲು ಹವಣಿಸುತ್ತದೆ. ನ್ಯಾಯವಾದ ದಾರಿ ಮುಚ್ಚಿದ್ದರೆ ಸೀಲಿನ ತುಟಿಯನ್ನೇ ಸರಿಸಿ, ಎಣ್ಣೆಯನ್ನು ಮುಂದಿಟ್ಟುಕೊಂಡು ಹೊರಬೀಳುತ್ತದೆ. ಆ ಬ್ರೀದರಿನ ಟೋಪಿ ಎಂದೋ ಕಳಚಿ ಬಿದ್ದಿತ್ತು. ಬೇಸಿಗೆಯಲ್ಲಿ ಗಾಡಿ ಕೊಟ್ಟಿಗೆಯ ಪಕ್ಕದಲ್ಲಿ ನಿರುದ್ಯೋಗಿಯಾಗಿ ನಿಂತಿದ್ದಾಗ, ಕುಂಬಾರ ಹುಳುವೊಂದು ಆ ರಂಧ್ರವನ್ನು ತನ್ನ ಸಂತಾನಕ್ಕೆ ಯೋಗ್ಯವಾದ ನಿವೇಶನವೆಂದು ಬಗೆದು, ಕೆಮ್ಮಣ್ಣು ತಂದು, ಎಲ್ಲಿಯೂ ಬಿರುಕಿಲ್ಲದಂತೆ ಮೆತ್ತಿ ಮುಚ್ಚಿತ್ತು. ಮೊದಲಿನ ಗ್ಯಾರೇಜಿನವರ ಪ್ಯಾಕಿಂಗಿಗಿಂತ ಅದರ ಕೆಲಸ ಎಷ್ಟೋ ಪಾಲು ಅಚ್ಚುಕಟ್ಟು, ಕೂಲಿಯನ್ನೂ ಕೇಳಿರಲಿಲ್ಲ.

ತಂತಿಯಿಂದ ಮಣ್ಣನ್ನು ಕೆದಕಿ ತೆಗೆದು, ಒಂದು ರಬ್ಬರಿನ ಕೊಳವೆಯನ್ನು ಸಿಕ್ಕಿಸಿ, ಹಳ್ಳದ ನೀರಿಗೆ ಎಟುಕದಷ್ಟು ಎತ್ತರಕ್ಕೊಯ್ದು ಬಾಯನ್ನು ಕೆಳಮುಖವಾಗಿ ಬಾಗಿಸಿ, ಹುಳುವಿನ ಬಂಧುವರ್ಗವು ಮತ್ತೆ ಅರ್ಜಿ ಹಾಕದಂತೆ ಸಣ್ಣ ಜಾಲರಿಯೊಂದನ್ನು ಬಿಗಿದರು. ಸೀಲಿಗೆ ಯಾವ ಕೇಡೂ ಆಗಿರಲಿಲ್ಲ. ಅಂದಿನಿಂದ ಅಂಗಳದಲ್ಲಿ ಒಂದು ತೊಟ್ಟೂ ಇಲ್ಲ.

ಈ ಶುಭವಾರ್ತೆಯನ್ನು ಪಕ್ಕದ ಮನೆಯ ಹಿರಿಯರಿಗೆ ಅರುಹಿದಾಗ ಅವರ ಮುಖ ಗಂಭೀರವಾಯಿತು. “ಸೋರೋದು ನಿಂತಿತು ಅಂದ್ರೆ ಒಳಗೆ ಸೋರೋದಕ್ಕೆ ಏನೂ ಉಳಿದಿಲ್ಲ ಅಂತ ಅಲ್ವೇನಯ್ಯಾ?” ಎಂದರು. ತರ್ಕದಲ್ಲಿ ದೋಷವಿರಲಿಲ್ಲ, ಬತ್ತಿದ ಹೌಸಿಂಗು ಸೋರದೆಂಬುದು ಸತ್ಯವೇ ಸರಿ. ಆದಕಾರಣ ನಾನು ಪಂಚೆಯನ್ನೆತ್ತಿ ಕಟ್ಟಿ, ಗಾಡಿಯಡಿ ತೆವಳಿ, ಮೇಲಿನ ಪ್ಲಗ್ಗನ್ನು ಬಿಚ್ಚಿ, ಕಿರುಬೆರಳನ್ನು ಅದ್ದಿ ತಂದು ಅವರ ನಾಸಿಕದ ಸಮೀಪಕ್ಕೆ ಹಿಡಿದೆನು. ಅವರು ಆಘ್ರಾಣಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಎಂಜಿನ್ನಿನ ಎಣ್ಣೆ ಇಷ್ಟು ಹಳಸುವವರೆಗೆ ಬಿಟ್ಟದ್ದು ತಪ್ಪೆಂದು ನನ್ನನ್ನು ಆಕ್ಷೇಪಿಸಿದರು.