ಮೊದಲ ಸುತ್ತಿನ ರಸಿಕ

ಟೆನಿಸ್ ಫೈನಲ್ ನೋಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಮೊದಲ ಸುತ್ತು ನೋಡುವವನು ಬೇರೆಯೇ ಜಾತಿ. ಬೆಂಗಳೂರಿನಲ್ಲಿ ಈತ ಕಾಣಸಿಗುವುದು ಹೆಚ್ಚಾಗಿ ಫೆಬ್ರುವರಿಯಲ್ಲಿ, ಕಬ್ಬನ್ ಪಾರ್ಕಿನೊಳಗಿನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಳದಲ್ಲಿ, ಬೆಂಗಳೂರು ಓಪನ್ ಚಾಲೆಂಜರ್ ಟೂರ್ನಿ ಶುರುವಾಗುವ ಸೋಮವಾರದ ಬೆಳಿಗ್ಗೆ. ಬ್ಯಾಂಕಿನಿಂದಲೋ ಎಚ್‌ಎಎಲ್‌ನಿಂದಲೋ ನಿವೃತ್ತನಾದವನು. ತಲೆಯ ಮೇಲೆ ಅಕ್ಷರ ಮಾಸಿದ ಟೋಪಿ, ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಡ್ರಾ ಹಾಳೆ. ಮಿಕ್ಕವರು ಡ್ರಾವನ್ನು ಮೊಬೈಲಿನಲ್ಲಿ ನೋಡಿದರೆ, ಈತ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡೇ ಬರುತ್ತಾನೆ. ಸೋತವರ ಹೆಸರನ್ನು ಪೆನ್ಸಿಲ್ಲಿನಲ್ಲಿ ಹೊಡೆದುಹಾಕುವ ಸುಖ ಮೊಬೈಲಿನಲ್ಲಿಲ್ಲ.

ಆ ಹಾಳೆಯಲ್ಲಿ 32 ಹೆಸರುಗಳಿರುತ್ತವೆ, ಅಂದರೆ ಮೊದಲ ಸುತ್ತಿಗೆ 16 ಪಂದ್ಯ. ಹೆಚ್ಚಿನವರು ರ‍್ಯಾಂಕಿಂಗ್‌ನಲ್ಲಿ ನೂರರಾಚೆ ಇರುವವರು. ಗ್ರ್ಯಾನ್‌ಸ್ಲಾಮ್ ಪುರುಷರ ಸಿಂಗಲ್ಸ್‌ನ 128 ಜಾಗಗಳಲ್ಲಿ ರ‍್ಯಾಂಕಿಂಗ್ ಬಲದ ಮೇಲೆ ನೇರ ಪ್ರವೇಶ ಸಿಗುವುದು 104 ಮಂದಿಗೆ. ಇಲ್ಲಿಗೆ ಬರುವವರು ಆ ಗೆರೆ ದಾಟಲು ಊರೂರು ಅಲೆಯುವವರು. ಚಾಲೆಂಜರ್‌ನ ಮೊದಲ ಸುತ್ತಲ್ಲೇ ಸೋತರೆ ಸಿಗುವ ಪಾಯಿಂಟ್ ಸೊನ್ನೆ. ಆದ್ದರಿಂದ ಭಾನುವಾರದ ಆಟ ಕಪ್ಪಿಗಾಗಿ, ಸೋಮವಾರದ ಆಟ ಹೊಟ್ಟೆಪಾಡಿಗಾಗಿ ಎಂಬುದು ರಸಿಕನ ವಾದ. ಆತನ ವಾದಗಳಲ್ಲಿ ಇದೊಂದನ್ನು ಒಪ್ಪಬಹುದು.

ಅಗ್ರ ಶ್ರೇಯಾಂಕದವರೆಂದರೆ ಈತನಿಗೆ ಅಷ್ಟಕ್ಕಷ್ಟೆ. ಆತನ ಮಮತೆಯೆಲ್ಲ ‘ಲಕ್ಕಿ ಲೂಸರ್’ ಮೇಲೆ, ಅಂದರೆ ಅರ್ಹತಾ ಸುತ್ತಿನ ಕೊನೆಯ ಪಂದ್ಯ ಸೋತು, ಬೇರೆ ಯಾರೋ ಹಿಂದೆ ಸರಿದಿದ್ದರಿಂದ ಮುಖ್ಯ ಡ್ರಾಗೆ ನುಗ್ಗಿದವನ ಮೇಲೆ. ಸೋತೂ ಒಳಗೆ ಬರುವ ದಾರಿಯೊಂದು ಲೋಕದಲ್ಲಿದೆ ಎನ್ನುವುದು ಬಡ್ತಿ ಕೈತಪ್ಪಿ ನಿವೃತ್ತರಾದವರಿಗೆ ಸಣ್ಣ ಸಮಾಧಾನವಲ್ಲ.

ಗ್ಯಾಲರಿ ಬಹುತೇಕ ಖಾಲಿ ಇದ್ದರೂ ಈತ ಸಿಕ್ಕಲ್ಲಿ ಕೂರುವವನಲ್ಲ. ಹನ್ನೊಂದಕ್ಕೆ ಎಲ್ಲಿ ನೆರಳು, ಎರಡಕ್ಕೆ ಎಲ್ಲಿ ಎಂಬುದರ ನಕ್ಷೆ ತಲೆಯಲ್ಲಿದೆ. ಕರವಸ್ತ್ರ ಹಾಸಿ ಕೂತಮೇಲೆ ಕಡಲೆಕಾಯಿ ಪೊಟ್ಟಣ ಹೊರಬರುತ್ತದೆ. ಆದರೆ ಅದನ್ನು ಒಡೆಯುವುದಕ್ಕೂ ನಿಯಮವುಂಟು. ಪಾಯಿಂಟ್ ನಡುವಿನ 25 ಸೆಕೆಂಡಿನಲ್ಲಿ ಸಿಪ್ಪೆ ಚಟ್ ಎಂದರೆ ಸರ್ವ್ ಮಾಡುವವನ ಏಕಾಗ್ರತೆ ಕೆಡುತ್ತದೆ. ಆಟಗಾರರು ಬದಿ ಬದಲಿಸುವಾಗ ಸಿಗುವ 90 ಸೆಕೆಂಡಿನಲ್ಲಿ ಎಂಟು ಹತ್ತು ಕಾಯಿ ಒಡೆದು, ಬೀಜವನ್ನೆಲ್ಲ ಅಂಗೈಯಲ್ಲಿ ಕೂಡಿಟ್ಟುಕೊಳ್ಳಬೇಕು. ಸೆಟ್‌ನ ಮೊದಲ ಗೇಮ್ ಮುಗಿದಾಗ ಮಾತ್ರ ಬದಿ ಬದಲಾದರೂ ಕೂರಲು ಬಿಡುವಿಲ್ಲ. ಇದನ್ನರಿಯದ ಹೊಸಬ ಕಾಫಿಗೆಂದು ಏಳುತ್ತಾನೆ. ‘ಕೂತ್ಕೊಳ್ಳಿ ಸಾರ್, ಒನ್ ಲವ್ ಅಷ್ಟೇ ಆಗಿರೋದು’ ಎಂಬ ಗದರಿಕೆ ಹಿಂದಿನಿಂದ ಬರುತ್ತದೆ. ಪರಿಚಯ ಆರಂಭವಾಗುವುದು ಹೀಗೆ. ಆಮೇಲೆ ಹೊಸಬನಿಗೆ ಬಿಡುಗಡೆಯಿಲ್ಲ.

ಮಾತಿನ ಮೊದಲ ಕಂತು ಆಟಗಾರನ ಬಡತನದ ಮೇಲೆ. ಈ ಹುಡುಗನಿಗೆ ಕೋಚ್ ಇಲ್ಲ, ಬ್ಯಾಗು ತಾನೇ ಹೊರುತ್ತಾನೆ, ಗಟ್ಟು ಹಾಕಿಸುವ ಖರ್ಚೂ ಕೈಯಿಂದಲೇ. ಎರಡನೆಯ ಕಂತು ಸೆಕೆಂಡ್ ಸರ್ವ್ ಕುರಿತು. ‘ಫಸ್ಟ್ ಸರ್ವ್ ಯಾರು ಬೇಕಾದ್ರೂ ಹೊಡೀತಾರೆ ಸಾರ್, ಸೆಕೆಂಡ್ ಸರ್ವಲ್ಲಿ ಮನುಷ್ಯ ಗೊತ್ತಾಗ್ತಾನೆ.’ ಇದನ್ನು ಹೇಳುವವನು ರ‍್ಯಾಕೆಟ್ ಹಿಡಿದು ಕಾಲು ಶತಮಾನವಾಗಿರಬಹುದು, ಹಿಡಿದೇ ಇಲ್ಲದಿರಲೂಬಹುದು. ವಿಚಾರಿಸುವುದು ಮರ್ಯಾದೆಯಲ್ಲ.

ಮೂರನೆಯದು, ಮತ್ತು ಎಲ್ಲಕ್ಕಿಂತ ಉದ್ದನೆಯದು, ‘ನಾನು ಆಗಲೇ ನೋಡಿದ್ದೆ’ ಎಂಬ ಅಧ್ಯಾಯ. 2017ರಲ್ಲಿ ಇಲ್ಲಿ ಪ್ರಶಸ್ತಿ ಗೆದ್ದ ಸುಮಿತ್ ನಗಾಲ್, 2019ರ ಅಮೆರಿಕ ಓಪನ್ ಮೊದಲ ಸುತ್ತಿನಲ್ಲಿ ರೋಜರ್ ಫೆಡರರ್‌ನಿಂದ ಮೊದಲ ಸೆಟ್ಟನ್ನು 6–4ರಿಂದ ಕಸಿದುಕೊಂಡ. ದೇಶಕ್ಕೆಲ್ಲ ಅದು ಅಚ್ಚರಿ, ರಸಿಕನಿಗೆ ಹಳೇ ಸುದ್ದಿ. ಮಿಕ್ಕ ಮೂರು ಸೆಟ್‌ಗಳು ಫೆಡರರ್ ಪಾಲಾದ ಸಂಗತಿ ಅವನ ಕಥೆಯಲ್ಲಿ ಬರುವುದಿಲ್ಲ. 2025ರಲ್ಲಿ ಇಲ್ಲಿ ಚಾಂಪಿಯನ್ ಆದ ಬ್ರ್ಯಾಂಡನ್ ಹೋಲ್ಟ್, ಎರಡು ಬಾರಿ ಅಮೆರಿಕ ಓಪನ್ ಗೆದ್ದ ಟ್ರೇಸಿ ಆಸ್ಟಿನ್ ಮಗ. ಅವನನ್ನೂ ಸೋಮವಾರವೇ ಗುರುತಿಸಿದ್ದಾಗಿದೆ. ಇಂಥ ಭವಿಷ್ಯ ತಪ್ಪುವುದು ಕಷ್ಟ. ಮೊದಲ ಸುತ್ತಿನ ಮೂವತ್ತೆರಡು ಮಂದಿಯನ್ನೂ ಒಂದಲ್ಲ ಒಂದು ಗಳಿಗೆಯಲ್ಲಿ ಹೊಗಳಿದವನಿಗೆ ಅವರಲ್ಲಿ ಒಬ್ಬ ಗೆದ್ದೇ ಗೆಲ್ಲುತ್ತಾನೆ.

2023ರ ಕಥೆಗೆ ವಿಶೇಷ ಸ್ಥಾನವಿದೆ. ಆ ವರ್ಷ 11 ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳ ಒಡೆಯ ಬ್ಯೋನ್ ಬೋರ್ಗ್, ಮಗ ಲಿಯೊ ಆಡುವುದನ್ನು ನೋಡಲು ಈ ಅಂಗಳಕ್ಕೇ ಬಂದಿದ್ದರು. ಜನರೆಲ್ಲ ಅಪ್ಪನನ್ನು ನೋಡುತ್ತಿದ್ದರಂತೆ. ರಸಿಕ ನೋಡುತ್ತಿದ್ದದ್ದು ಮಗನನ್ನೂ ಅಲ್ಲ, ಮಗನ ಎದುರಾಳಿಯ ಸೆಕೆಂಡ್ ಸರ್ವನ್ನು.

ಬುಧವಾರ, ಗುರುವಾರ ಎರಡನೇ ಸುತ್ತು. ಹಾಳೆಯ ಅರ್ಧಭಾಗ ಪೆನ್ಸಿಲ್ ಗೀಟಿನಡಿ ಹೋಗಿರುತ್ತದೆ, ಉತ್ಸಾಹವೂ ಅಷ್ಟೇ ಇಳಿದಿರುತ್ತದೆ. ಶುಕ್ರವಾರದ ಕ್ವಾರ್ಟರ್‌ಫೈನಲ್‌ಗೆ ಕುಟುಂಬ ಸಮೇತ ಬರುವವರು ಶುರುವಾಗಿ, ನೆರಳಿನ ಜಾಗಕ್ಕೆ ಪೈಪೋಟಿ ಹುಟ್ಟುತ್ತದೆ. ಪಾಯಿಂಟ್ ನಡೆಯುತ್ತಿರುವಾಗಲೇ ಚಿಪ್ಸ್ ಪೊಟ್ಟಣ ಹರಿಯುವ ಸದ್ದು ಕೇಳಿದ ಮೇಲಂತೂ ಈತ ಅಲ್ಲಿ ನಿಲ್ಲುವವನಲ್ಲ. ಭಾನುವಾರ ಗಣ್ಯರಿಗೆ ಸೋಫಾ, ಶಾಲು, ಮೈಸೂರು ಪೇಟ, ಭಾಷಣ. ಫೈನಲ್ ಹೇಗಿತ್ತೆಂದು ಯಾರಾದರೂ ಫೋನು ಮಾಡಿ ಕೇಳಿದರೆ, ತಾನು ಹೋಗಿರಲಿಲ್ಲವೆಂದು ಹೇಳಿ, ಮುಂದಿನ ವಾರ ಬೇರೆ ಊರಲ್ಲಿ ನಡೆಯುವ ಟೂರ್ನಿಯ ಅರ್ಹತಾ ಸುತ್ತಿನಲ್ಲಿ ಯಾರಿಗೆ ಯಾರು ಎದುರಾಗಿದ್ದಾರೆ ಎಂಬ ವಿವರಕ್ಕೆ ಇಳಿಯುತ್ತಾನೆ. ಅಷ್ಟರಲ್ಲಿ ಆ ಕಡೆಯವರು ಫೋನು ಇಟ್ಟಿರುತ್ತಾರೆ.