ಒಂದೇ ಚೀಲ, ಐದು ತೂಕ

ವಿಜ್ಞಾನದ ಪ್ರಶ್ನೆಪತ್ರಿಕೆ ತೆಗೆಯುವ ಕೆಲಸ ಹೆಗಲಿಗೆ ಬಿತ್ತೇ? ಗಾಬರಿಯಾಗಬೇಡಿ. ಇಪ್ಪತ್ತು ಪ್ರಶ್ನೆಗೆ ಇಪ್ಪತ್ತು ಸಂಗತಿ ಹುಡುಕುತ್ತ ಕೂರಬೇಡಿ. ನಾಲ್ಕು ಸಾಕು. ಒಂದೊಂದಕ್ಕೂ ಐದೈದು ಪ್ರಶ್ನೆ ಗಂಟುಹಾಕಿ.

ಮೊದಲು ಕಮಲಾಪುರದ ಕೆಂಪು ಬಾಳೆ ಹಿಡಿಯಿರಿ. ಭೌಗೋಳಿಕ ಸೂಚಿ ಪಡೆದ ಹಣ್ಣು, ಊರಿನ ಅಭಿಮಾನವೂ ಆಯಿತು. ಅದರ ಮೇಲೆ ನಾಲ್ಕು ಸಾಲು ಬರೆಯಿರಿ. ‘ಬೀಜವಿಲ್ಲದ ಬಾಳೆ ವಂಶ ಬೆಳೆಸುವುದು ಹೇಗೆ?’ ಎಂದು ಮೊದಲು ಕೇಳಿ. ‘ಕಂದಿನಿಂದ ಬೆಳೆದ ಗಿಡ ತಾಯಿಗಿಡವನ್ನೇ ಹೋಲುವುದೇಕೆ?’ ಎಂದು ಮೂರನೆಯದರಲ್ಲಿ ಕೇಳಿ, ಮೊದಲನೆಯದರ ಉತ್ತರವನ್ನು ಅಲ್ಲೇ ಇಡಿ. ಅಪ್ಪನ ಜೊತೆ ಕಂದು ಕಿತ್ತು ನೆಟ್ಟ ಕಮಲಾಪುರದ ಹುಡುಗಿ ನಿಮ್ಮ ನಾಲ್ಕು ಸಾಲು ಓದದೆಯೇ ಐದಕ್ಕೈದು ಬರೆಯುತ್ತಾಳೆ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಬಾಳೆಯನ್ನು ಡಜನ್ ಲೆಕ್ಕದಲ್ಲಷ್ಟೇ ಕಂಡವನು ತಿಣುಕಲಿ. ಇಬ್ಬರ ಅಂತರವನ್ನು ವಿಜ್ಞಾನದ ಜ್ಞಾನ ಎಂದೇ ದಾಖಲಿಸಿ.

ಎರಡನೆಯದು ವಿದ್ಯುತ್ ಮಂಡಲ. 6 ವೋಲ್ಟ್ ಬ್ಯಾಟರಿ, 2 ಮತ್ತು 4 ಓಮ್‌ನ ರೋಧಕಗಳು, ಸರಣಿ ಜೋಡಣೆ. ಚಿತ್ರವನ್ನು ಝೆರಾಕ್ಸ್‌ನ ಝೆರಾಕ್ಸ್ ಮಾಡಿಸಿ, ಗೆರೆ ಮಸುಕಾಗಲೇಬೇಕು. ಒಟ್ಟು ರೋಧ ಕೇಳಿ. ಅದರಿಂದ ಪ್ರವಾಹ, ಪ್ರವಾಹದಿಂದ ಸಾಮರ್ಥ್ಯ, ಆಮೇಲೆ 10 ಸೆಕೆಂಡಿನ ಶಕ್ತಿ, ಕೊನೆಗೆ ಒಂದು ನಿಮಿಷದ್ದು. ಸಮಾಂತರ ಎಂದು ಓದಿದ ಮಗುವಿಗೆ 6 ಓಮ್ ಬದಲು 1.33 ಬರುತ್ತದೆ, 1 ಆಂಪಿಯರ್ ಬದಲು 4.5. ಮುಂದಿನ ಸೂತ್ರಗಳೆಲ್ಲ ಸರಿಯಿದ್ದರೂ ಐದಕ್ಕೂ ಸೊನ್ನೆ ಸುತ್ತಿ. ಹಂತಕ್ಕೆ ಅಂಕ ಕೊಡುವ ಔದಾರ್ಯ ಬೇಡ.

ಉಳಿದೆರಡು ಗೊಂಚಲನ್ನು ಹಳೇ ಪತ್ರಿಕೆಯಿಂದ ಎತ್ತಿ.

ಈಗ ಅಂಕಗಳನ್ನು ಕಂಪ್ಯೂಟರಿಗೆ ಹಾಕಿ, ಇಪ್ಪತ್ತೂ ಒಂದಕ್ಕೊಂದು ಸಂಬಂಧವಿಲ್ಲದ ಪ್ರಶ್ನೆಗಳೆಂದು ಅದನ್ನು ನಂಬಿಸಿ. ಒಂದು ಗುಂಪಿನ ಉತ್ತರಗಳು ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಬೀಳುತ್ತವೆ. ಪರೀಕ್ಷೆ ಎಷ್ಟು ನಂಬಲರ್ಹ ಎಂದು ಅಳೆಯಲು ಬಳಸುವ, ಕ್ರೋನ್‌ಬಾಕ್ 1951ರಲ್ಲಿ ಹೆಸರಿಟ್ಟ ಆಲ್ಫಾ ಅದನ್ನೇ ವಿಶ್ವಾಸಾರ್ಹತೆ ಎಂದುಕೊಂಡು ಉಬ್ಬುತ್ತದೆ. ಇದೇ ಜಾಣತನವನ್ನು ಕಲಬುರಗಿಯ ತೊಗರಿ ಮಂಡಿಯಲ್ಲಿ ಮಾತ್ರ ತೋರಿಸಬೇಡಿ. ಒಂದೇ ಚೀಲ ಐದು ಸಲ ತೂಗಿ ಐದು ಚೀಲ ಎಂದು ಬರೆದರೆ ಅಡತಿಯವರು ಕೊರಳಪಟ್ಟಿ ಹಿಡಿಯುತ್ತಾರೆ.

ಹೋವರ್ಡ್ ವೈನರ್ ಮತ್ತವರ ಸಹಲೇಖಕರು 1987ರಲ್ಲೇ ಇಂಥ ಗೊಂಚಲಿಗೆ ಟೆಸ್ಟ್‌ಲೆಟ್ ಎಂದು ಹೆಸರಿಟ್ಟರು, ಇಡೀ ಗೊಂಚಲನ್ನು ಒಂದೇ ಘಟಕವಾಗಿ ನೋಡಿ ಎಂದರು ಎಂದು ಯಾರಾದರೂ ತಕರಾರು ತೆಗೆದರೆ ಚಹಾ ತರಿಸಿ. ಅವರ ಮಾತು ಕೇಳಿದರೆ ನಿಮ್ಮ ಇಪ್ಪತ್ತು ಅಳತೆ ನಾಲ್ಕಕ್ಕಿಳಿಯುತ್ತದೆ, ಆಲ್ಫಾ ಸೊರಗುತ್ತದೆ. ಹಣ್ಣು ಎಣಿಸಿ, ಗೊನೆ ಎಣಿಸಬೇಡಿ.

‘ಕಮಲಾಪುರ ಮುಂದೆ, ನಗರ ಹಿಂದೆ’ ಎಂದು ಫಲಿತಾಂಶ ಹಚ್ಚಿ. ನಗರದ ಪಾಲಕರು ಗಲಾಟೆ ಮಾಡಿದರೆ ಮುಂದಿನ ವರ್ಷ ಬಾಳೆ ಕಿತ್ತುಹಾಕಿ, ಕಲಬುರಗಿಯ ಪಟೇಲ್ ವೃತ್ತದ ಸಿಗ್ನಲ್ ದೀಪ ಕೆಂಪೇ ಏಕೆ ಎನ್ನುವುದರ ಮೇಲೆ ಐದು ಪ್ರಶ್ನೆ ಕೇಳಿ.