ನೈಸಾಗಿ ರುಬ್ಬಿ ಅನ್ನೋ ಮಾತು

ಅಲ್ಲಾ ದೊಡ್ಡಮ್ಮ, ಉದ್ದಿನಬೇಳೆ ನೈಸಾಗಿ ರುಬ್ಬು ಅಂದಿದ್ದಕ್ಕೆ ಮೊಮ್ಮಗಳು ನಕ್ಕಳು ಅಂತ ಯಾಕೆ ಬೇಜಾರು ಮಾಡ್ಕೊಂಡಿದ್ದೀರಿ? ನೈಸ್ ಅಂದ್ರೆ ಚೆನ್ನಾಗಿರೋದು, ನುಣ್ಣಗಿರೋದಲ್ಲ ಅಂತ ಅವಳ ವಾದ. ಇಂಗ್ಲಿಷಿನೋರು ಹಿಂದೆ ಹೇಗೆ ಬಳಸ್ತಿದ್ರು ಅಂತ ನೋಡಿದ್ರೆ ನಿಮ್ಮ ಮಾತೇ ಗಟ್ಟಿ.

ಆ ಪದದ ಹುಟ್ಟು ಕೇಳಿದ್ರೆ ಬೆರಗಾಗ್ತೀರಿ. ಲ್ಯಾಟಿನ್ನಿನಲ್ಲಿ ನೆಸ್ಕಿಯಸ್ ಅಂದ್ರೆ ಏನೂ ತಿಳಿಯದವನು. ಸೈನ್ಸ್ ಅನ್ನೋದಕ್ಕೂ ಬೇರು ಅದೇ, ತಿಳಿಯೋ ಧಾತು. ಇಲ್ಲಿ ಶುರುವಿಗೆ ಒಂದು ನಕಾರ ಸೇರಿ ತಿಳಿವಳಿಕೆಯೇ ಹೋಯ್ತು. ಫ್ರೆಂಚ್ ಬಾಯಿಂದ ಇಂಗ್ಲಿಷಿಗೆ ಬಂದಾಗ, ಸುಮಾರು 1300ರ ಹೊತ್ತಿಗೆ, ಯಾರನ್ನಾದರೂ ನೈಸ್ ಅಂದ್ರೆ ಪೆದ್ದ ಅಂತ ಬೈದ ಹಾಗೆ. ಆಮೇಲೆ ಅತಿ ನಾಜೂಕಿನೋರಿಗೆ, ಎಲ್ಲದರಲ್ಲೂ ಹುಳುಕು ಹುಡುಕೋರಿಗೆ ಆ ಮಾತು ಅಂಟಿತು. ಅಲ್ಲಿಂದ ಸೂಕ್ಷ್ಮ, ಕರಾರುವಾಕ್ಕು ಅಂತಾಯ್ತು. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಇವತ್ತಿಗೂ ಇಂಗ್ಲಿಷ್ ಬಲ್ಲೋರು ನೈಸ್ ಡಿಸ್ಟಿಂಕ್ಷನ್ ಅಂತಾರೆ. ನಿಮ್ಮ ರುಬ್ಬೋ ಕಲ್ಲಿನ ನೈಸು ಆ ಸೂಕ್ಷ್ಮದ ಮಗ್ಗುಲಲ್ಲೇ ಕೂತಿದೆ. ನಮ್ಮ ನಯದ ಜೊತೆಗೂ ಎಷ್ಟು ಸಲೀಸಾಗಿ ಹೊಂದ್ಕೊಂಡಿದೆ ನೋಡಿ: ಚಿರೋಟಿ ರವೆ ನೈಸು, ಸೀರೆ ಬಟ್ಟೆ ನೈಸು. ಇನ್ನು ಕೆಲಸ ಹೇಳೋ ಹೊತ್ತಿಗೆ ನೈಸಾಗಿ ಜಾರಿಕೊಳ್ಳೋರು, ಸಾಲ ಬೇಕಾದಾಗ ನೈಸ್ ಮಾಡ್ಕೊಂಡು ಬರೋರು! ಈ ಬಳಕೆಗಳು ಪೂರಾ ನಮ್ಮವೇ. (ಬೆಂಗಳೂರಿನ ನೈಸ್ ರಸ್ತೆ ಇದಕ್ಕೆ ಸೇರಿದ್ದಲ್ಲ, ಅದು ಕಂಪನಿ ಹೆಸರಿನ ಮೊದಲಕ್ಷರಗಳು.)

ಚೆನ್ನಾಗಿರೋದಕ್ಕೆಲ್ಲ ನೈಸ್ ಅನ್ನೋದು ಇಂಗ್ಲಿಷಿನಲ್ಲಿ ಶುರುವಾಗಿದ್ದು ಹದಿನೆಂಟನೇ ಶತಮಾನದಲ್ಲಿ. ಜೇನ್ ಆಸ್ಟಿನ್ ‘ನಾರ್ಥಾಂಗರ್ ಅಬೆ’ ಕಾದಂಬರಿಯಲ್ಲಿ ಈ ಚಾಳಿಯನ್ನ ಸರಿಯಾಗಿ ಹಿಡಿದಿದ್ದಾಳೆ. ಬಾತ್ ಊರಿನ ಹತ್ತಿರ ನಡೀತಾ ಕ್ಯಾಥರೀನ್ ಅನ್ನೋ ಹುಡುಗಿ ತಾನು ಓದಿದ ಪುಸ್ತಕವನ್ನ ನೈಸ್ ಅಂತಾಳೆ. ಜೊತೆಗಿದ್ದ ಹೆನ್ರಿ ಟಿಲ್ನಿ ಬಿಡೋದಿಲ್ಲ. ಪುಸ್ತಕಕ್ಕೂ ಹವೆಗೂ ನಡಿಗೆಗೂ ಎಲ್ಲಾ ಹೊಗಳಿಕೆಗೂ ಇದೊಂದೇ ಮಾತಾ ಅಂತ ಕಾಡ್ತಾನೆ. ಪುಸ್ತಕ ಅಚ್ಚಾಗಿದ್ದು 1817ರ ಕೊನೆಗೆ, ಆಸ್ಟಿನ್ ತೀರಿಕೊಂಡ ಮೇಲೆ.

ಟಿಲ್ನಿ ಹೇಳಿದ್ದೇ ನನಗೂ ಸರಿ ಅನ್ಸುತ್ತೆ. ರುಬ್ಬೋ ಹಿಟ್ಟಿಗೆ ನೈಸ್ ಅಂದ್ರೆ ಬೆರಳಿಗೆ ಗೊತ್ತಾಗೋ ಅರ್ಥ ಇದೆ. ಹೊಗಳಿಕೆಯ ನೈಸಿಗೆ ಅಷ್ಟೂ ಇಲ್ಲ. ಯಾರಾದರೂ ಹಾಡಿದಾಗ, ಬರೆದದ್ದು ತೋರಿಸಿದಾಗ ಒಂದು ನೈಸ್ ಅಂದು ಸುಮ್ಮನಾಗಬೇಡಿ. ಯಾವುದು ಹಿಡಿಸ್ತು ಅಂತ ಬಾಯ್ಬಿಟ್ಟು ಹೇಳಿ.